ಬೇಸರಿಸದೆ ಉತ್ತರಿಸಿದ ಎಲ್ಲರಿಗೂ

ರೋಗ ಹರಡಿದಾಗ ಅದರ ಮೂಲವನ್ನು ಪತ್ತೆಹಚ್ಚುವ ಮೂರು ತಿಂಗಳ ತರಬೇತಿಯನ್ನು ಮುಗಿಸಿ, ಕೇರಳದ ಮಂಜೇಶ್ವರ ತಾಲೂಕಿನ ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ನಾವು ಕೆಲವರು ಕಳೆದ ವಾರ ಪ್ರಮಾಣಪತ್ರ ಪಡೆದೆವು. ತರಗತಿಯಲ್ಲಿ ಕುಳಿತ ದಿನಗಳು ಕೆಲವೇ. ಉಳಿದ ಕಲಿಕೆಯೆಲ್ಲ ನಿಮ್ಮ ಮನೆಗಳ ಜಗಲಿಯಲ್ಲಿ ನಡೆಯಿತು. ಆದ್ದರಿಂದ ಈ ಕೃತಜ್ಞತೆಯನ್ನು ಊರವರೆಲ್ಲ ಓದುವಂತೆಯೇ ಬರೆಯಬೇಕೆನಿಸಿತು.

ಮೊದಲು ಗುರುಗಳಿಗೆ ವಂದನೆ. ಕೆಲಸ ಮಾಡುತ್ತಲೇ ರೋಗತನಿಖೆಯನ್ನು ಕಲಿಸುವ ಈ ಪದ್ಧತಿಯನ್ನು 1951ರಲ್ಲಿ ಅಮೆರಿಕದಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ ಆರಂಭಿಸಿದರು. ನಮ್ಮ ದೇಶದಲ್ಲಿ ಚೆನ್ನೈಯ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆಯಲ್ಲಿ 2001ರಿಂದಲೂ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ 2012ರಿಂದಲೂ ಇಂಥ ಎರಡು ವರ್ಷಗಳ ತರಬೇತಿ ನಡೆಯುತ್ತಿದೆ. ಅದೇ ವಿದ್ಯೆಯ ಸಾರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಇಳಿಸಿ, ರೋಗಿಗಳ ಪಟ್ಟಿಯ ಒಂದೊಂದು ಅಂಕಣವನ್ನೂ ನಮ್ಮೊಡನೆ ಕುಳಿತು ತಿದ್ದಿಸಿದ ಗುರುಗಳ ತಾಳ್ಮೆ ದೊಡ್ಡದು.

ತರಬೇತಿಯ ನಡುವೆಯೇ ನಮ್ಮ ಪಂಚಾಯತಿನ ಒಂದು ವಾರ್ಡಿನಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಪರೀಕ್ಷೆಯಲ್ಲಿ ಅದು ಕಲುಷಿತ ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ಎಂದು ತಿಳಿಯಿತು. ಈ ವೈರಾಣು ದೇಹ ಸೇರಿದ 15ರಿಂದ 50 ದಿನಗಳೊಳಗೆ, ಸರಾಸರಿ 28 ದಿನಗಳಲ್ಲಿ, ರೋಗಲಕ್ಷಣ ತೋರುವುದರಿಂದ ಮೊನ್ನೆಯ ಊಟವನ್ನು ಕೇಳಿ ಪ್ರಯೋಜನವಿಲ್ಲ, ತಿಂಗಳ ಹಿಂದಿನದನ್ನು ಕೇಳಬೇಕು. ಯಾರಿಗೆ ನೆನಪಿರುತ್ತದೆ? ಮಗ ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಒಬ್ಬ ಅಕ್ಕ ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಹಾಲಿನ ಲೆಕ್ಕ ಬರೆದಿದ್ದ ಪುಟವನ್ನು ತಿರುವಿ, ಹಾಲು ಬೇಡವೆಂದು ಗೆರೆ ಎಳೆದಿದ್ದ ದಿನದ ಮೇಲೆ ಬೆರಳಿಟ್ಟರು. ಅಂದು ಮನೆಯವರೆಲ್ಲ ಗೃಹಪ್ರವೇಶಕ್ಕೆ ಹೋಗಿದ್ದರು. ರೋಗ ಆರಂಭವಾದ ದಿನಾಂಕಗಳನ್ನು ರೇಖಾಚಿತ್ರದಲ್ಲಿ ಗುರುತಿಸಿ, ಅತಿ ಹೆಚ್ಚು ಮಂದಿಗೆ ರೋಗ ಕಾಣಿಸಿದ ದಿನದಿಂದ ಆ ಸರಾಸರಿಯಷ್ಟು ದಿನ ಹಿಂದಕ್ಕೆ ಎಣಿಸಿದಾಗ ನಾವು ತಲುಪಿದ್ದೂ ಆ ದಿನದ ಆಸುಪಾಸಿಗೇ.

ನಾನು ವಿಶೇಷವಾಗಿ ನೆನೆಯಬೇಕಾದವರು ರೋಗ ಬಾರದವರು. ಕಾಮಾಲೆಯವರು ಗೃಹಪ್ರವೇಶದಲ್ಲಿ ಪಾನಕ ಕುಡಿದಿದ್ದರು ಎಂದಷ್ಟೇ ತಿಳಿದರೆ ಏನೂ ಸಾಬೀತಾಗುವುದಿಲ್ಲ. ಅದೇ ಸಮಾರಂಭಕ್ಕೆ ಹೋಗಿಯೂ ಆರೋಗ್ಯವಾಗಿರುವವರಲ್ಲಿ ಎಷ್ಟು ಮಂದಿ ಕುಡಿದಿದ್ದರು ಎಂಬುದನ್ನು ಜೊತೆಗಿಟ್ಟು ನೋಡಿದಾಗಲೇ ಸಂಶಯಕ್ಕೆ ಆಧಾರ ಸಿಗುತ್ತದೆ. ‘ನನಗೇನೂ ಆಗಿಲ್ಲವಲ್ಲ, ನನ್ನನ್ನು ಯಾಕೆ ಕೇಳುತ್ತೀರಿ?’ ಎಂದು ಹಲವರು ಕೇಳಿದರು. ಕಾರಣ ತಿಳಿಸಿದ ಮೇಲೆ ಅಡಿಕೆ ಸುಲಿಯುವ ಕೆಲಸವನ್ನು ಬದಿಗಿಟ್ಟು ಊಟದ ಎಲೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಹೇಳಿದರು. ತನಿಖೆಗೆ ಬಲ ಬಂದದ್ದು ಇವರ ಉತ್ತರಗಳಿಂದ.

ಗೃಹಪ್ರವೇಶದ ಮನೆಯವರಿಗೆ ಎಷ್ಟು ವಂದಿಸಿದರೂ ಕಡಿಮೆಯೇ. ಊರಿನ ಮಾತು ತಮ್ಮ ಮೇಲೆ ಬರಬಹುದೆಂದು ತಿಳಿದೂ ಅವರು ಬಾವಿಯ ನೀರಿನ ಮಾದರಿ ತೆಗೆಯಲು ಬಿಟ್ಟರು, ಬಂದವರ ಪಟ್ಟಿಯನ್ನು ತಾವೇ ಕುಳಿತು ಬರೆದುಕೊಟ್ಟರು. ತನಿಖೆ ಇರುವುದು ಮುಂದಿನ ಮನೆಗೆ ರೋಗ ದಾಟದಂತೆ ತಡೆಯಲು, ಯಾರನ್ನೂ ದೂರಲು ಅಲ್ಲ. ಅವರನ್ನು ದೂಷಿಸದೆ ಉಳಿದ ನೆರೆಹೊರೆಯವರಿಗೂ ನಾನು ಋಣಿ.

ಬಾವಿಗಳ ಅಗಲ, ನೀರಿನ ಆಳ ಅಳೆದು, ಪ್ರತಿ 1000 ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪುಡಿಯಂತೆ ಕಲಸಿ ಹಾಕಲು ಹಗಲಿಡೀ ಜೊತೆಗಿದ್ದ ಆಶಾ ಕಾರ್ಯಕರ್ತೆಯರಿಗೂ ಕೇರಳದ ಮಹಿಳಾ ಸಂಘಟನೆಯಾದ ಕುಟುಂಬಶ್ರೀಯ ಅಕ್ಕಂದಿರಿಗೂ ವಂದನೆಗಳು. ಗುಡ್ಡದೊಳಗಿಂದ ಸದಾ ಹರಿದುಬರುವ ಸುರಂಗದ ನೀರಿಗೆ ಬಾವಿಯ ಲೆಕ್ಕ ಹೊಂದುವುದಿಲ್ಲ. ಅದು ಬಂದು ಬೀಳುವ ಟ್ಯಾಂಕಿಯಲ್ಲೇ ಶುದ್ಧೀಕರಿಸಬೇಕೆಂದು ತೋಟದ ಹಿರಿಯರಿಗೆ ವಿವರಿಸಿದವರು ಅವರೇ. ಕುದಿಸಿದ ನೀರಿಗೆ ತಣ್ಣೀರು ಬೆರೆಸುವ ರೂಢಿಯನ್ನು ಬಿಡಿಸಲು ಅವರು ಮನೆಮನೆಯ ಅಡುಗೆಕೋಣೆಯವರೆಗೆ ಹೋಗಿ ಮಾತಾಡಿದ್ದಾರೆ. ನನ್ನ ಮಾತಿಗಿಂತ ಅವರ ಮಾತಿಗೇ ಅಲ್ಲಿ ಬೆಲೆ ಹೆಚ್ಚು.

ಗಡಿಯಾಚೆಯ ಸಹೋದ್ಯೋಗಿಗಳನ್ನೂ ನೆನೆಯಬೇಕು. ನಮ್ಮವರು ಜ್ವರ ಬಿಡದಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ರೋಗಿ ಕೇರಳದವರು, ರಕ್ತಪರೀಕ್ಷೆಯ ವರದಿ ಕರ್ನಾಟಕದ್ದು. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆ ಎರಡೂ ರಾಜ್ಯಗಳಲ್ಲಿದೆಯಾದರೂ, ಮಾಹಿತಿ ಕಡತದಲ್ಲಿ ಸುತ್ತಿ ಬರುವಷ್ಟು ಹೊತ್ತು ಕಾಯದೆ ದಕ್ಷಿಣ ಕನ್ನಡದ ಕಣ್ಗಾವಲು ವಿಭಾಗದವರು ನೇರವಾಗಿ ಫೋನಿನಲ್ಲಿ ತಿಳಿಸಿದ್ದರಿಂದ ನಮ್ಮ ಪಟ್ಟಿಯಲ್ಲಿಲ್ಲದ ರೋಗಿಗಳು ಸಿಕ್ಕಿದರು. ಈ ಸಂಪರ್ಕ ಹೀಗೆಯೇ ಮುಂದುವರಿಯಲಿ ಎಂಬುದು ನಮ್ಮೆಲ್ಲರ ಕೋರಿಕೆ.

ನಾವು ಕೇಳಿದ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಟ್ಟ ಶಾಲೆಯ ಮಾಷ್ಟ್ರು ಈಗ ತನಿಖೆಯ ವರದಿಯನ್ನೂ ಕನ್ನಡಕ್ಕೆ ತಂದಿದ್ದಾರೆ. ರೋಗಿಗಳ ಮತ್ತು ಮನೆಗಳ ಹೆಸರುಗಳನ್ನು ತೆಗೆದ ಪ್ರತಿ ಆರೋಗ್ಯ ಕೇಂದ್ರದಲ್ಲಿದೆ. ಉತ್ತರ ಕೊಟ್ಟವರು ಯಾವಾಗ ಬೇಕಾದರೂ ಬಂದು ಓದಬಹುದು. ಸಂಶಯವಿದ್ದರೆ ಕೇಳಬಹುದು, ವಿವರಿಸಲು ನಾವಿದ್ದೇವೆ.