ಮಿಷಿಗನ್‌ಗೆ ಸೋತವರು ಚಾಂಪಿಯನ್ ಆದರು

ಮಾನ್ಯ ಸಂಪಾದಕರೇ,

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 2024ರ ಋತುವನ್ನು ಕೊಲಂಬಸ್‌ನಲ್ಲಿದ್ದು ಕಂಡವನು ನಾನು. (ಇದು ನಮ್ಮ ಕಾಲ್ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಅವಚಿಕೊಂಡು ಓಡುವ ಅಮೆರಿಕದ ಆಟ.) ನವೆಂಬರ್ 30ರಂದು ತವರಿನಲ್ಲೇ, ಲಕ್ಷಕ್ಕೂ ಹೆಚ್ಚು ಜನರೆದುರು, ಬದ್ಧ ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯದ ತಂಡಕ್ಕೆ 10–13ರಿಂದ ಸೋತರು. ಅವರೆದುರು ಸತತ ನಾಲ್ಕನೇ ಸೋಲದು. ಊರಿಗೆ ಊರೇ ಸೂತಕದಲ್ಲಿತ್ತು. ಕೋಚ್ ರಯಾನ್ ಡೇ ಅವರನ್ನು ಕಿತ್ತುಹಾಕಬೇಕೆಂದು ಅಭಿಮಾನಿಗಳೇ ಕೂಗಿದರು. ಆ ಮಾತು ನನಗೆ ಅಂದೂ ಸರಿಕಂಡಿರಲಿಲ್ಲ.

ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತುಗಳಾದ ಪ್ಲೇಆಫ್‌ಗೆ 12 ತಂಡಗಳನ್ನು ಸೇರಿಸಿಕೊಂಡದ್ದು ಅದೇ ವರ್ಷ ಮೊದಲು. ಹಿಂದಿನಂತೆ ನಾಲ್ಕೇ ಇದ್ದಿದ್ದರೆ ಇವರಿಗೆ ಬಾಗಿಲು ಮುಚ್ಚಿರುತ್ತಿತ್ತು. ಟೆನೆಸಿಯನ್ನು 42–17ರಿಂದ ಬಗ್ಗುಬಡಿದರು. ಅಕ್ಟೋಬರ್‌ನಲ್ಲಿ ಒಂದೇ ಅಂಕದಿಂದ ತಮ್ಮನ್ನು ಸೋಲಿಸಿದ್ದ ಆರೆಗನ್‌ಗೆ 41–21ರಿಂದ ಉತ್ತರ ಕೊಟ್ಟರು. ಸೆಮಿಫೈನಲ್‌ನ ಕೊನೆಯ ನಿಮಿಷಗಳಲ್ಲಿ ಟೆಕ್ಸಸ್ ತಂಡ ಅಂಕ ತರುವ ಗೆರೆಯ ಹೊಸ್ತಿಲಿಗೇ ಬಂದಿತ್ತು. ಒಹಾಯೊ ಸ್ಟೇಟ್‌ನ ಜ್ಯಾಕ್ ಸಾಯರ್ ಎದುರಾಳಿಯ ಕೈಯಿಂದ ಚೆಂಡು ಬೀಳಿಸಿ, ತಾನೇ ಎತ್ತಿಕೊಂಡು 83 ಗಜ ಓಡಿದ. ಆ ಓಟ ನೋಡುತ್ತಾ ನನ್ನ ಕಣ್ಣು ತುಂಬಿತ್ತು. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ವಿರುದ್ಧ 34–23ರಿಂದ ಗೆದ್ದು ಪ್ರಶಸ್ತಿ ಹಿಡಿದರು.

ಇಲ್ಲಿ ಕಾಲೇಜು ಹುಡುಗರ ಒಂದೊಂದು ಪಂದ್ಯಕ್ಕೂ ಪತ್ರಿಕೆಗಳು ಪುಟಗಟ್ಟಲೆ ಜಾಗ ಕೊಡುತ್ತವೆ. ನಮ್ಮ ಅಂತರಕಾಲೇಜು ಪಂದ್ಯಗಳ ಪೂರ್ಣ ವರದಿಗೂ ನಿಮ್ಮ ಕ್ರೀಡಾಪುಟದಲ್ಲಿ ವಾರಕ್ಕೊಮ್ಮೆ ಜಾಗ ಮೀಸಲಿಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಕೊಲಂಬಸ್, ಒಹಾಯೊ