ಸುಂಕ ಪೂರ್ತಿ, ರೆಕಾರ್ಡ್ ಸೊಟ್ಟ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಅಂಚೆ ಕಚೇರಿಯ ವರಾಂಡದಲ್ಲಿ ವಿದೇಶಿ ಪಾರ್ಸೆಲ್‌ಗಳು ಬಿಸಿಲಿಗೆ ಒಣಗುತ್ತಿರುವ ಕುರಿತು ತಾವು ಮಂಗಳವಾರ ಪ್ರಕಟಿಸಿದ ವರದಿಯ ಚಿತ್ರದಲ್ಲಿ, ನೀರಿನ ಕ್ಯಾನ್ ಹೊತ್ತು ನೆಲದ ಮೇಲೆ ಮಲಗಿರುವ ಚೌಕಾಕಾರದ ತೆಳು ಪೊಟ್ಟಣ ನನ್ನದು. ನಿನ್ನೆ ಅದು ಕೈ ಸೇರಿತು. ಒಳಗಿದ್ದ ಗ್ರಾಮಫೋನ್ ರೆಕಾರ್ಡ್ ಕರಿದ ಹಪ್ಪಳದಂತೆ ಸೊಟ್ಟಗಾಗಿದೆ.

ಅದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ‘ರಿಪಲ್ಷನ್’ ಸಂಗೀತ ತಂಡದ ‘ಹಾರಿಫೈಡ್’ ಆಲ್ಬಂ. ಸಾವು, ಕೊಳೆತಗಳನ್ನೇ ಅಬ್ಬರಿಸಿ ಹಾಡುವ ‘ಡೆತ್ ಮೆಟಲ್’ ಎಂಬ ರಾಕ್ ಪ್ರಕಾರ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ ಈ ತಂಡ ಕೆಲವು ಡೆಮೊ (ಮಾದರಿ) ಕ್ಯಾಸೆಟ್‌ಗಳನ್ನು ಮಾಡಿತ್ತು; ಪೂರ್ಣ ಆಲ್ಬಂ ಇದೊಂದೇ. 18 ಹಾಡುಗಳಿದ್ದರೂ ಅರ್ಧ ಗಂಟೆ ತುಂಬುವುದಿಲ್ಲ. ತಂಡದ ಸ್ಕಾಟ್ ಕಾರ್ಲ್‌ಸನ್ ಮತ್ತು ಮ್ಯಾಟ್ ಒಲಿವೊ 1985ರಲ್ಲಿ ಫ್ಲೋರಿಡಾಕ್ಕೆ ಹೋಗಿ ಚಕ್ ಶುಲ್ಡಿನರ್ ಅವರ ‘ಡೆತ್’ ತಂಡದಲ್ಲಿ ಸ್ವಲ್ಪ ಕಾಲವಿದ್ದು ಮರಳಿದರು. ‘ಜೆನೊಸೈಡ್’ ಎಂದಿದ್ದ ತಮ್ಮ ತಂಡದ ಹೆಸರು ಬದಲಿಸಿ 1986ರಲ್ಲಿ ಇದನ್ನು ಧ್ವನಿಮುದ್ರಿಸಿದರು. ಅದೇ ವರ್ಷ ತಂಡವೂ ಚದುರಿತು. ಬಳಿಕ ‘ಸ್ಲಾಟರ್ ಆಫ್ ದಿ ಇನ್ನೊಸೆಂಟ್’ ಎಂಬ ಹೆಸರಿನಲ್ಲಿ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗುತ್ತ, ಅಂಚೆಯಲ್ಲಿ, ಹೌದು ಸ್ವಾಮಿ, ಅಂಚೆಯಲ್ಲಿಯೇ ದೇಶದಿಂದ ದೇಶಕ್ಕೆ ಸುತ್ತಿದ ಈ ಹಾಡುಗಳನ್ನು ಇಂಗ್ಲೆಂಡಿನ ‘ಕಾರ್ಕಸ್’ ತಂಡದ ಜೆಫ್ ವಾಕರ್ ಮತ್ತು ಬಿಲ್ ಸ್ಟಿಯರ್ ತಮ್ಮ ‘ನೆಕ್ರೋಸಿಸ್’ ಎಂಬ ರೆಕಾರ್ಡ್ ಸಂಸ್ಥೆಯಿಂದ 1989ರಲ್ಲಿ ಹೊರತಂದರು. ಅಂದಿನ ಅಂಚೆಯವರು ಸಾಗರ ದಾಟಿಸಿದ್ದನ್ನು ಇಂದಿನವರಿಗೆ ವರಾಂಡ ದಾಟಿಸಲಾಗಲಿಲ್ಲ.

ಇದಕ್ಕಾಗಿ ನಾನು ಎರಡು ದಿನ ಅರ್ಧ ರಜೆ ಹಾಕಿದ್ದೇನೆ. ಮೊದಲ ದಿನ ಸರ್ವರ್ ಇರಲಿಲ್ಲ. ಎರಡನೆಯ ದಿನ ಸರ್ವರ್ ಇತ್ತು, ಗುಮಾಸ್ತರಿರಲಿಲ್ಲ. ಮೂರನೆಯ ಸಲ ಇಬ್ಬರೂ ಇದ್ದಾಗ ಆಧಾರ್ ಜೆರಾಕ್ಸ್‌ಗೆ ಸಹಿ ಇಲ್ಲವೆಂಬ ಕಾರಣಕ್ಕೆ ಸಾಲಿನ ಕೊನೆಗೆ ಕಳುಹಿಸಿದರು. ಕವಚದ ಮೇಲಿನ ಕೊಳೆತ ಮುಖವನ್ನು ಕಂಡ ಗುಮಾಸ್ತರು “ಇದನ್ನೂ ದುಡ್ಡು ಕೊಟ್ಟು ತರಿಸ್ತೀರೇನ್ರೀ?” ಎಂದು ಕೇಳಿದರು. ಸುಂಕ ವಸೂಲು ಮಾಡುವಾಗ ಆ ಅಸಹ್ಯವೇನೂ ಅವರಿಗೆ ಅಡ್ಡ ಬರಲಿಲ್ಲ.

ಮನೆಗೆ ತಂದು ಹಾಕಿದರೆ ಮುಳ್ಳು ಪ್ರತಿ ಸುತ್ತಿಗೂ ಏರಿಳಿಯುತ್ತ, ‘ಆ್ಯಸಿಡ್ ಬಾತ್’ ಹಾಡಿನ ನಡುವೆ ಜಾರಿ ಮುಂದಿನದಕ್ಕೆ ಹೋಯಿತು. ಕಾರ್ಲ್‌ಸನ್ ಅವರ ಬೇಸ್ ಗಿಟಾರ್ ಮೊದಲೇ ಬೇಕೆಂದು ಒಡಕು ಮಾಡಿಕೊಂಡ ನಾದದ್ದು. ಈಗ ಕೇಳುತ್ತಿರುವ ಕರ್ಕಶದಲ್ಲಿ ಅವರ ಪಾಲೆಷ್ಟು, ಇಲಾಖೆಯ ಪಾಲೆಷ್ಟು ಎಂದು ವಿಂಗಡಿಸುವುದು ನನ್ನಿಂದಾಗದು. 2003ರಲ್ಲಿ ‘ರಿಲ್ಯಾಪ್ಸ್’ ಸಂಸ್ಥೆ ಇದನ್ನು ಹಳೆಯ ಡೆಮೊಗಳ ಸಹಿತ ಸಿ.ಡಿ.ಯಲ್ಲಿ ಮರುಮುದ್ರಿಸಿದಾಗಲೇ ಕೊಂಡು ಸುಮ್ಮನಿರಬೇಕಿತ್ತು.

ಇದೇ ವರಾಂಡದ ಸೂರು ಸೋರಿ ಪತ್ರಗಳು ನೆನೆಯುತ್ತಿದ್ದಾಗಲೂ ನಾನು ಬರೆದಿದ್ದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಬಂತು, ಅದೂ ನೆನೆದೇ ಬಂತು. ಆನಂತರ ಕೈಗೊಂಡ ಕ್ರಮವೆಂದರೆ ಸೋರುತ್ತಿದ್ದ ತಗಡನ್ನೇ ಕಿತ್ತು ಹಾಕಿದ್ದು. ಆಗ ಮಳೆಯೊಂದೇ ಬರುತ್ತಿತ್ತು, ಈಗ ಬಿಸಿಲೂ ಬರುತ್ತಿದೆ.

ಮೇಲಧಿಕಾರಿಗಳು ಇತ್ತ ಗಮನ ಹರಿಸಬೇಕು, ಪರಿಹಾರವನ್ನೂ ಕೊಡಬೇಕು, ತಗಡನ್ನೂ ಹಾಕಿಸಬೇಕು. ಇದ್ಯಾವುದೂ ಆಗದಿದ್ದರೆ ಆ ನೀರಿನ ಕ್ಯಾನ್ ಇಡಲು ಬೇರೆ ಜಾಗವನ್ನಾದರೂ ಹುಡುಕಿಕೊಳ್ಳಲಿ.

– ತಮ್ಮ ಹಳೆಯ ಚಂದಾದಾರ, ಬೆಂಗಳೂರು