ಊರಿನ ಹೆಸರು ಸಿಗುವ ತನಕ ಟಿಕೆಟ್ ತೆಗೆಯಬೇಡ

ಮಿಲ್ವಾಕೀ

ಪ್ರೀತಿಯ ಶ್ರುತಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಬಹಳ ಖುಷಿಯಾಯಿತು. ಜರ್ಮನಿಯ ಕಡೆಯಿಂದ ಅಮೆರಿಕಕ್ಕೆ ಬಂದ ನಿಮ್ಮತ್ತೆಯವರ ಮುತ್ತಜ್ಜನ ಊರು ಹುಡುಕಿ, ಅವರನ್ನೂ ಮಗುವನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನಿನಗೆ ಅನ್ನಿಸಿದೆಯಲ್ಲ, ಅದು ದೊಡ್ಡ ಗುಣ. ಸೊಸೆಯಾಗಿ ಬಂದವಳು ಆ ಮನೆಯ ಹಿರಿಯರನ್ನು ಹುಡುಕಲು ಹೊರಟಿದ್ದೀಯ ಅಂತ ನನಗೆ ಹೆಮ್ಮೆ. ಆದರೆ ಬೇಸಿಗೆಗೆ ಬರ್ಲಿನ್‌ಗೆ ಹೋಗುತ್ತೇವೆ, ಅಲ್ಲಿನ ದಾಖಲೆ ಕಚೇರಿಯಲ್ಲಿ ಹೆಸರು ಹೇಳಿದರೆ ಹುಡುಕಿ ಕೊಡುತ್ತಾರೆ ಅಂತ ಬರೆದಿದ್ದೀಯ. ಬೇಡ ಕಣೇ. ಈಗಲೇ ಟಿಕೆಟ್ ತೆಗೆಯಬೇಡ.

ಇಡೀ ದೇಶದ ಹಳೆಯ ಜನನ, ಮದುವೆ, ಮರಣಗಳನ್ನೆಲ್ಲ ಒಂದೇ ಕಡೆ ಇಟ್ಟಿರುವ ಕಚೇರಿ ಅಲ್ಲಿಲ್ಲ. ಆತ ಹೊರಟದ್ದು 1860ರ ದಶಕದಲ್ಲಿ ಅಂತ ಬರೆದಿದ್ದೀಯ. ಆಗ ಜರ್ಮನಿ ಅನ್ನುವ ಒಂದು ದೇಶವೇ ಇರಲಿಲ್ಲ. ಪ್ರಷ್ಯಾ, ಬವೇರಿಯಾ, ಬಾಡೆನ್ ಹೀಗೆ ಬೇರೆ ಬೇರೆ ರಾಜ್ಯಗಳಿದ್ದವು. ಅವೆಲ್ಲ ಒಂದಾದದ್ದು 1871ರಲ್ಲಿ. ದೇಶದ ಎಲ್ಲ ಕಡೆ ಸರ್ಕಾರವೇ ಜನನ ಮರಣ ಬರೆದಿಡುವ ಪದ್ಧತಿ ಬಂದದ್ದು 1876ರಲ್ಲಿ. ಅದಕ್ಕೂ ಮುಂಚಿನದು ಬೇಕಾದರೆ ಮುಖ್ಯವಾಗಿ ಆಯಾ ಊರಿನ ಚರ್ಚಿನ ಪುಸ್ತಕವನ್ನೇ ನೋಡಬೇಕು. ಊರು ಗೊತ್ತಿಲ್ಲದಿದ್ದರೆ ಯಾವ ಪುಸ್ತಕ ಅಂತ ತೆರೆಯುತ್ತೀಯ? ನಮ್ಮಲ್ಲಾದರೆ ಎಷ್ಟೋ ಜನರ ಹೆಸರಿನ ಮುಂದಿನ ಇನಿಶಿಯಲ್‌ನಲ್ಲೇ ಊರು ಕೂತಿರುತ್ತದೆ. ಅವರಿಗೆ ಆ ಅನುಕೂಲ ಇಲ್ಲ.

ಆ ಮುತ್ತಜ್ಜನ ಊರಿನ ಹೆಸರು ಅಮೆರಿಕದಲ್ಲೇ ಇದೆ, ಇಲ್ಲೇ ನಮ್ಮ ವಿಸ್ಕಾನ್ಸಿನ್‌ನಲ್ಲೇ ಎಲ್ಲೋ ಒಂದು ಕಾಗದದಲ್ಲಿ ಇದೆ ಅಂತ ನಂಬಿ ಕೆಲಸ ಶುರು ಮಾಡು. ಲೈಬ್ರರಿಯಲ್ಲಿ ಇಷ್ಟು ವರ್ಷ ಹೀಗೆ ಹಿರಿಯರ ಊರು ಹುಡುಕುವವರ ಪಕ್ಕ ಕೂತು ಹುಡುಕಿಕೊಟ್ಟವಳು ಹೇಳುತ್ತಿದ್ದೇನೆ.

ಮೊದಲು ನಿಮ್ಮತ್ತೆಯವರನ್ನು ಕೇಳು. ಎಂಬತ್ತು ದಾಟಿದವರು, ನಾಳೆಗೆ ಅಂತ ಮುಂದೂಡಬೇಡ. ಊರು ಯಾವುದು ಅಂತ ನೇರವಾಗಿ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ಅಜ್ಜಿ ಯಾವ ಚರ್ಚಿಗೆ ಹೋಗುತ್ತಿದ್ದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಕ್ರಿಸ್ಮಸ್‌ಗೆ ಯಾರ ಮನೆಯವರು ಬರುತ್ತಿದ್ದರು ಅಂತ ಕೇಳು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಜರ್ಮನ್ ಬೈಬಲ್ ಇದ್ದರೆ ಅದರ ಮೊದಲ ಹಾಳೆಗಳನ್ನು ನೋಡು. ದೀಕ್ಷಾಸ್ನಾನದ ಪತ್ರ, ಹಳೆಯ ಕಾಗದದ ಲಕೋಟೆ, ಏನೇ ಸಿಕ್ಕಿದರೂ ಎರಡೂ ಬದಿ ಫೋಟೋ ತೆಗೆ.

ನೀನು ಕಳಿಸಿದ ಜನಗಣತಿ ಪುಟದಲ್ಲಿ ಹುಟ್ಟಿದ ಜಾಗ ಪ್ರಷ್ಯಾ ಅಂತಷ್ಟೇ ಇದೆ, ಅಲ್ವಾ? ಅದು ಹಾಗೇ ಇರುತ್ತದೆ. ಪೌರತ್ವದ ಕಾಗದವೂ ಆ ಕಾಲದ್ದಾದರೆ ಪ್ರಷ್ಯಾದ ರಾಜನಿಗೆ ಇನ್ನು ನಿಷ್ಠೆ ಇಲ್ಲ ಅನ್ನುವುದನ್ನು ಬಿಟ್ಟು ಜಾಸ್ತಿ ಹೇಳುವುದಿಲ್ಲ. ಆ ಫಾರಂಗಳಲ್ಲಿ ವಿವರ ತುಂಬಿ ಬಂದದ್ದು 1906ರ ನಂತರ. ಹಡಗಿನ ಪಟ್ಟಿಯ ವಿಷಯದಲ್ಲಿ ಅದೃಷ್ಟ ಬೇಕು. ಹ್ಯಾಂಬರ್ಗ್ ಬಂದರಿನಿಂದ ಹೊರಟಿದ್ದರೆ 1850ರಿಂದ ಪಟ್ಟಿಗಳು ಉಳಿದಿವೆ, ಪ್ರಯಾಣಿಕ ಯಾವ ಊರಿನವನು ಅಂತಲೂ ಬರೆದಿರುತ್ತಾರೆ. ಬ್ರೆಮೆನ್‌ನಿಂದ ಹೊರಟಿದ್ದರೆ ಆ ಕಾಲದ ಪಟ್ಟಿ ಈಗ ಇಲ್ಲ.

ಅದಕ್ಕೇ ಚರ್ಚು ಅಂತ ಒತ್ತಿ ಹೇಳುತ್ತಿರುವುದು. ವಿಸ್ಕಾನ್ಸಿನ್‌ನಲ್ಲಿ ರಾಜ್ಯ ಸರ್ಕಾರದ ಜನನ ಮರಣ ನೋಂದಣಿ ಬಿಗಿಯಾದದ್ದು 1907ರಲ್ಲಿ. ಅದಕ್ಕೂ ಎಷ್ಟೋ ಮುಂಚಿನಿಂದ ಲೂಥರನ್ ಅನ್ನುವ ಪ್ರೊಟೆಸ್ಟೆಂಟ್ ಪಂಥದ ಪಾದ್ರಿಗಳು ತಮ್ಮ ಸಭೆಯವರ ಲೆಕ್ಕವನ್ನು ಜರ್ಮನ್‌ನಲ್ಲೇ ಬರೆದಿಟ್ಟಿದ್ದಾರೆ. ಮರಣದ ಪುಟವನ್ನು ಮೊದಲು ತೆಗೆಸು. ಉದ್ದದ ಖಾನೆಗಳಲ್ಲಿ ಹೆಸರು, ಸತ್ತ ದಿನ, ವಯಸ್ಸು ಇಷ್ಟು ವರ್ಷ ಇಷ್ಟು ತಿಂಗಳು ಇಷ್ಟು ದಿನ ಅಂತ ಇರುತ್ತದೆ. ಅದನ್ನು ಹಿಂದಕ್ಕೆ ಎಣಿಸಿದರೆ ಹುಟ್ಟಿದ ತಾರೀಖು ಸಿಗುತ್ತದೆ. ಅದರ ಪಕ್ಕದಲ್ಲೇ ಎಷ್ಟೋ ಸಲ ಪಾದ್ರಿ ಹುಟ್ಟೂರನ್ನೂ ಅದು ಸೇರಿದ ಜಿಲ್ಲೆಯನ್ನೂ ಬರೆದಿರುತ್ತಾರೆ. ಕೈಬರಹ ನೋಡಿ ಹೆದರಬೇಡ. ಆ ಬರಹದಲ್ಲಿ ‘e’ ಅಕ್ಷರ ನೋಡಲು ‘n’ ಥರ ಇರುತ್ತದೆ. ‘u’ ಮೇಲೆ ಸಣ್ಣದೊಂದು ಕೊಕ್ಕೆ ಹಾಕಿರುತ್ತಾರೆ. ಅಕ್ಷರಮಾಲೆಯ ಚಾರ್ಟ್ ಮುಂದಿಟ್ಟುಕೊಂಡು ಅದೇ ಪಾದ್ರಿ ಬರೆದ ನಾಲ್ಕು ಪುಟ ಓದಿದರೆ ಕಣ್ಣು ಪಳಗುತ್ತದೆ.

ಆತನ ಸಾಲಿನಲ್ಲಿ ಊರು ಇಲ್ಲದಿದ್ದರೆ ಕೈ ಚೆಲ್ಲಬೇಡ. ತಮ್ಮನದು, ತಂಗಿಯದು, ಹೆಂಡತಿಯದು ನೋಡು. ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತ ಸಾಕ್ಷಿಗಳು ಯಾರು ಅಂತ ಪಟ್ಟಿ ಮಾಡು. ಆ ಜನ ಒಂಟಿಯಾಗಿ ಬಂದದ್ದು ಕಡಿಮೆ. ಒಬ್ಬ ಬಂದು ನೆಲೆ ನಿಂತು ಕಾಗದ ಬರೆದರೆ, ಅಕ್ಕಪಕ್ಕದ ಮನೆಯವರು ಹಿಂದೆಯೇ ಬಂದು ಅವನ ಹೊಲದ ಪಕ್ಕದಲ್ಲೇ ಜಮೀನು ಮಾಡಿದರು. ನಮ್ಮ ಹತ್ತಿರದ ಫ್ರೈಸ್ಟಾಟ್ ಹಾಗೇ ಆದ ಊರು. 1839ರಲ್ಲಿ ಪ್ರಷ್ಯಾದ ಪೊಮೆರೇನಿಯಾ ಪ್ರಾಂತ್ಯದ ಲೂಥರನ್ನರು ಗುಂಪಾಗಿ ಬಂದು ಕಟ್ಟಿದ್ದು. ಹಾಗಾಗಿ ಪಕ್ಕದ ಹೊಲದವನ ಊರು ಸಿಕ್ಕಿತು ಅಂದರೆ ನಿನ್ನ ಕೆಲಸ ಅರ್ಧ ಆದ ಹಾಗೆ.

ಹೆಸರಿನ ಕಾಗುಣಿತಕ್ಕೆ ಜೋತು ಬೀಳಬೇಡ. ಎಲ್ಲಿಸ್ ಐಲೆಂಡ್‌ನ ಗುಮಾಸ್ತ ನಮ್ಮ ಹೆಸರು ಬದಲಾಯಿಸಿಬಿಟ್ಟ ಅಂತ ನಿಮ್ಮ ಮನೆಯಲ್ಲಿ ಹೇಳುತ್ತಾರಂತೆ. ನ್ಯೂಯಾರ್ಕ್ ಬಂದರಿನ ಆ ವಲಸೆ ಕಚೇರಿ ಶುರುವಾದದ್ದೇ 1892ರಲ್ಲಿ, ಆತ ಬಂದು ಎಷ್ಟೋ ವರ್ಷಗಳಾದ ಮೇಲೆ. ಅಲ್ಲಿಯೂ ಗುಮಾಸ್ತರು ಹಡಗಿನವರು ತಂದ ಪಟ್ಟಿ ನೋಡಿ ಕರೆಯುತ್ತಿದ್ದರು, ಹೊಸ ಹೆಸರು ಇಡುತ್ತಿರಲಿಲ್ಲ. ಹೆಸರು ಬದಲಾದದ್ದು ನಿಧಾನವಾಗಿ, ಶಾಲೆಯಲ್ಲಿ, ಅಂಗಡಿಯಲ್ಲಿ, ಅವರವರ ಇಷ್ಟದಂತೆ. ಮ್ಯುಲರ್ ಹೋಗಿ ಮಿಲ್ಲರ್ ಆದದ್ದು ಹಾಗೆ. ಇನ್ನೊಂದು ಮಾತು. ಯೋಹಾನ್ ಫ್ರೀಡ್ರಿಶ್ ಅಂತ ಹೆಸರಿಟ್ಟರೂ ಮನೆಯಲ್ಲಿ ಫ್ರೀಡ್ರಿಶ್ ಅಂತಲೇ ಕರೆಯುತ್ತಿದ್ದರು. ಆತ ಇಲ್ಲಿ ಫ್ರೆಡ್ ಆಗಿರಬಹುದು. ಬರೀ ಯೋಹಾನ್ ಅಂತ ಹುಡುಕುತ್ತಾ ಕೂತರೆ ಆತ ಕಣ್ಣಿಗೇ ಬೀಳುವುದಿಲ್ಲ.

ಊರಿನ ಹೆಸರು ಸಿಕ್ಕ ಮೇಲೂ ತಕ್ಷಣ ನಂಬಬೇಡ. ಒಂದೇ ಹೆಸರಿನ ಊರುಗಳು ಅಲ್ಲಿ ಬೇಕಾದಷ್ಟು. ನಾಯ್‌ಸ್ಟಾಟ್ ಅಂದರೆ ಯಾವ ನಾಯ್‌ಸ್ಟಾಟ್? ಜಿಲ್ಲೆಯ ಹೆಸರು ಬೇಕೇ ಬೇಕು. ಜರ್ಮನ್ ಊರುಗಳ ಪಟ್ಟಿ ಇರುವ, 1912ರ ಸುಮಾರಿನ ಮೈಯರ್ಸ್ ಸ್ಥಳಕೋಶ ಈಗ ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಆ ಊರು ಯಾವ ಜಿಲ್ಲೆಗೆ, ಯಾವ ನೋಂದಣಿ ಕಚೇರಿಗೆ ಸೇರಿತ್ತು ಅಂತ ಅದರಲ್ಲಿ ನೋಡಿಕೋ. ಪೊಮೆರೇನಿಯಾ ಅಂತ ಬಂದರೆ ಬಹುಶಃ ನೀವು ಹೋಗಬೇಕಾದದ್ದು ಜರ್ಮನಿಗೇ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದರ ದೊಡ್ಡ ಭಾಗ ಪೋಲೆಂಡ್‌ಗೆ ಸೇರಿತು, ಊರುಗಳ ಹೆಸರೂ ಬದಲಾದವು. ಸ್ಟೆಟಿನ್ ಈಗ ಶ್ಚೆಚಿನ್. ರೇಗನ್‌ವಾಲ್ಡೆ ಈಗ ರೆಸ್ಕೊ. ಆ ಕಡೆಯ ಎಷ್ಟೋ ಚರ್ಚಿನ ಪುಸ್ತಕಗಳು ಯುದ್ಧದಲ್ಲಿ ಹಾಳಾದವು. ಪುಸ್ತಕ ಉಳಿದಿಲ್ಲದಿದ್ದರೂ ಊರು ಇರುತ್ತದೆ, ಹೋಗಿ ನೋಡಿಬರಬಹುದು. ಇದನ್ನು ನಿಮ್ಮತ್ತೆಯವರಿಗೆ ಈಗಲೇ ನಿಧಾನವಾಗಿ ಹೇಳಿಡು, ಅಲ್ಲಿ ಹೋದ ಮೇಲೆ ಅವರ ಮನಸ್ಸಿಗೆ ನೋವಾಗಬಾರದು.

ಈ ವಾರ ಚರ್ಚಿನ ಹೆಸರು ಒಂದನ್ನು ಅವರಿಂದ ಕೇಳಿ ನನಗೆ ತಿಳಿಸು. ಆ ಚರ್ಚು ಮುಚ್ಚಿದ್ದರೆ ಅದರ ಪುಸ್ತಕಗಳು ಯಾರ ಕೈ ಸೇರಿವೆ ಅಂತ ನಾನು ವಿಚಾರಿಸುತ್ತೇನೆ. ಬೈಬಲ್ ಸಿಕ್ಕರೆ ಹಾಳೆ ಬಿಚ್ಚಲು ಹೋಗಬೇಡ, ಹಾಗೇ ಫೋಟೋ ತೆಗೆದು ಕಳಿಸು. ಪೀಟರ್‌ಗೂ ಮಗುವಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ದೊಡ್ಡಮ್ಮ